ಇಟ್ಟಿಗಿಯ ಶಾಲೆಯೂ ಶೇಕಡಾವಾರು ತಕ್ಕಡಿಯೂ

ಹೂವಿನಹಡಗಲಿ ತಾಲೂಕಿನ ಇಟ್ಟಿಗಿಯನ್ನು ದೂರದ ವಾಚಕರು ಬಲ್ಲರೋ ಇಲ್ಲವೋ. ಮಹಾದೇವ ದೇವಾಲಯದಿಂದ ಹೆಸರಾದ ಇಟಗಿಯು ಬೇರೆ. ಅದು ಹೊಳೆಯಾಚೆ ಕೊಪ್ಪಳ ಜಿಲ್ಲೆಗೆ ಸೇರಿದುದು, 1112ನೆಯ ಇಸವಿಯ ಕಲ್ಲುಕೆಲಸವನ್ನು ಕಾಣಲು ಜನರು ಅಲ್ಲಿಗೆ ಹೋಗುವರು. ನಮ್ಮ ಇಟ್ಟಿಗಿಯನ್ನು ಕಾಣಲು ಹೊರಗಿನವರು ಬರುವ ಕಾರಣವಿಲ್ಲ. ಆದರೂ ವರುಷಕ್ಕೊಮ್ಮೆ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ, ಈ ಊರೂ ಇದರ ಸುತ್ತಣ ಹಳ್ಳಿಗಳೂ ಒಂದು ಪಟ್ಟಿಯಲ್ಲಿ ಹೆಸರು ಪಡೆಯುತ್ತವೆ. ಯಾವ ಶಾಲೆಗೆ ಶೇಕಡಾ ಎಷ್ಟು, ಯಾವ ತಾಲೂಕು ಮೇಲೆ, ಯಾವುದು ಕೆಳಗೆ ಎಂಬುದನ್ನು ಕೊಟ್ಟೂರಿನ ಚಹದಂಗಡಿಯಿಂದ ಹರಪನಹಳ್ಳಿಯ ಕಚೇರಿಯ ಕಟ್ಟೆಯವರೆಗೆ ಓದುಬಲ್ಲವರೆಲ್ಲರೂ ಓದಿ, ಮಧ್ಯಾಹ್ನದ ಊಟದೊಳಗೆ ತೀರ್ಪನ್ನೂ ಕೊಟ್ಟುಬಿಡುವರು. ತೀರ್ಪು ಪ್ರತಿ ವರುಷವೂ ಒಂದೇ: ಸರಕಾರಿ ಶಾಲೆಗಳು ಕೆಟ್ಟುಹೋದವು, ಮಾಸ್ತರರು ಸಂಬಳ ಎಣಿಸಿಕೊಳ್ಳುವರೇ ಹೊರತು ಪಾಠ ಹೇಳುವುದಿಲ್ಲ.

ಇಪ್ಪತ್ತು ವರುಷ ನ್ಯಾಯಾಲಯದಲ್ಲಿ ನಿಂತು ಮಾತಾಡಿದವನಿಗೆ ಈ ಬಗೆಯ ತೀರ್ಪಿನ ಹೆಸರು ಗೊತ್ತು. ಪ್ರತಿವಾದಿಗೆ ನೋಟೀಸು ಮುಟ್ಟಿಸದೆ, ಸಾಕ್ಷ್ಯ ಕೇಳದೆ, ವಾದಿಯ ಒಂದು ಚೀಟಿಯನ್ನು ನೋಡಿ ಕೊಟ್ಟ ಡಿಕ್ರಿಗೆ ಏಕಪಕ್ಷೀಯ ಡಿಕ್ರಿಯೆನ್ನುವರು. ಅದನ್ನು ರದ್ದುಪಡಿಸಿಕೊಳ್ಳಲು ಕಾನೂನಿನಲ್ಲಿ ದಾರಿಯುಂಟು. ಶಾಲೆಗಳ ವಿಷಯದಲ್ಲಿ ಆ ದಾರಿಯನ್ನು ಇದುವರೆಗೆ ಯಾರೂ ತೆರೆದಿಲ್ಲ. ಶಾಲೆಗಳನ್ನು ಹೋಲಿಸಕೂಡದೆಂದು ನಾವು ಹೇಳುವುದಿಲ್ಲ, ಹೋಲಿಸಲೇಬೇಕು. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆ ಸಾರ್ವಜನಿಕರಿಗೆ ಲೆಕ್ಕ ಒಪ್ಪಿಸತಕ್ಕದ್ದೇ. ಆದರೆ ಹೋಲಿಸುವ ತಕ್ಕಡಿಯು ಸುಳ್ಳಾದರೆ ತೂಗಿದವನೂ ಕೆಡುವನು, ತೂಗಿಸಿಕೊಂಡವನೂ ಕೆಡುವನು. ಈಗ ನಮ್ಮ ಕೈಯಲ್ಲಿರುವ ತಕ್ಕಡಿಯು ಸುಳ್ಳು ತಕ್ಕಡಿಯೆಂಬುದೇ ಈ ಲೇಖನದ ವಾದ.

ಮೊದಲು ಗಜಕೋಲನ್ನು ನೋಡೋಣ. 2020ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 71.80. 2021ರಲ್ಲಿ, ಮಹಾಮಾರಿಯ ವರುಷ, ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿ ಹೆಚ್ಚುಕಡಿಮೆ ಎಲ್ಲರನ್ನೂ ಪಾಸು ಮಾಡಲಾಯಿತು. 2022ರಲ್ಲಿ 85.63, 2023ರಲ್ಲಿ 83.89, 2024ರಲ್ಲಿ 73.40; 2025ರ ಮೊದಲ ಪರೀಕ್ಷೆಯಲ್ಲಿ 66.14. ಇಷ್ಟನ್ನು ಮಾತ್ರ ನೋಡಿದವನು, ಕನ್ನಡನಾಡಿನ ಮಕ್ಕಳ ಬುದ್ಧಿಯು ಒಂದು ವರುಷ ಮುಗಿಲಿಗೇರಿ ಮೂರೇ ವರುಷಗಳಲ್ಲಿ ನೆಲಕ್ಕೆ ಬಿತ್ತೆಂದು ನಂಬಬೇಕಾಗುವುದು. ಬುದ್ಧಿಯು ಹಾಗೆ ಏರಿಳಿಯುವುದಿಲ್ಲ, ಏರಿಳಿದುದು ಕೋಲು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾಗಳನ್ನಿಟ್ಟು ವೆಬ್‌ಕಾಸ್ಟಿಂಗ್ ಮೂಲಕ ದೂರದಿಂದಲೇ ಕಾವಲು ಕಾದರು. ಫಲಿತಾಂಶ ತೀರ ಕುಸಿಯಿತೆಂದು ಅದೇ ವರುಷ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. 2025ರಲ್ಲಿ ಆ ಕೃಪೆಯನ್ನು ಹಿಂದಕ್ಕೆ ತೆಗೆದುಕೊಂಡರು. 2025-26ನೆಯ ಸಾಲಿನಿಂದ 625ಕ್ಕೆ 206 ಅಂಕ, ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದರೆ ಪಾಸು ಎಂದು ಹೊಸ ನಿಯಮ ಮಾಡಿದರು. ಒಂದು ವರುಷ ಮೂರಡಿಯ ಗಜ, ಇನ್ನೊಂದು ವರುಷ ಎರಡೂವರೆ ಅಡಿಯ ಗಜ! ಇಂಥ ಕೋಲು ಹಿಡಿದು ಬಟ್ಟೆ ಮಾರಿದ ವರ್ತಕನನ್ನು ತೂಕ-ಅಳತೆಯ ಅಧಿಕಾರಿಗಳು ದಂಡಿಸುವರು. ಶಾಲೆಗಳನ್ನು ಅಳೆದವರನ್ನು ಕೇಳುವವರಿಲ್ಲ.

ನಮ್ಮ ಕೂಡ್ಲಿಗಿಯ ನೆರೆಯ ಚಿತ್ರದುರ್ಗ ಜಿಲ್ಲೆಯ ಸಂಗತಿಯನ್ನೇ ತೆಗೆದುಕೊಳ್ಳಿರಿ. 2023ರಲ್ಲಿ ಶೇಕಡಾ 96.80 ಪಡೆದು ಆ ಜಿಲ್ಲೆ ನಾಡಿಗೇ ಮೊದಲಾಯಿತು. ಹಾರತುರಾಯಿಗಳಾದವು. ಕ್ಯಾಮೆರಾ ಬಂದ 2024ರಲ್ಲಿ ಅದೇ ಜಿಲ್ಲೆ ಇಪ್ಪತ್ತೊಂದನೆಯ ಸ್ಥಾನಕ್ಕೆ ಇಳಿಯಿತು. ಹನ್ನೆರಡು ತಿಂಗಳಲ್ಲಿ ಅಲ್ಲಿಯ ಉಪಾಧ್ಯಾಯರೆಲ್ಲರೂ ಪಾಠ ಮರೆತರೇ? ಯಾರ ಮೇಲೂ ಆರೋಪ ಹೊರಿಸುವ ಸಾಕ್ಷ್ಯ ನಮ್ಮಲ್ಲಿಲ್ಲ, ಆದುದರಿಂದ ಹೊರಿಸುವುದೂ ಇಲ್ಲ. ಒಂದನ್ನು ಮಾತ್ರ ಹೇಳಬಲ್ಲೆವು: 2023ರ ಪಟ್ಟಿಯನ್ನು ನಂಬಿ ಚಿತ್ರದುರ್ಗವನ್ನು ಹೊಗಳಿದವರೂ, ಅದೇ ಪಟ್ಟಿಯನ್ನು ತೋರಿಸಿ ಬಳ್ಳಾರಿ ವಿಜಯನಗರಗಳ ಮಾಸ್ತರರನ್ನು ಗದರಿಸಿದವರೂ ಒಂದೇ ಪ್ರಮಾದ ಮಾಡಿದರು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 2025ರಲ್ಲಿ ದಕ್ಷಿಣ ಕನ್ನಡಕ್ಕೆ 91.12 ಬಂದು ಮೊದಲ ಸ್ಥಾನ, ಕಲಬುರಗಿಗೆ 42.43 ಬಂದು ಕಡೆಯ ಸ್ಥಾನ. ಹಿಂದಿನ ವರುಷ ಮೊದಲು ನಿಂತುದು ಉಡುಪಿ, ಕಡೆಗೆ ನಿಂತುದು 50.59ರ ಯಾದಗಿರಿ. ಈ ಹೆಸರುಗಳನ್ನು ಪಕ್ಕಕ್ಕಿಟ್ಟು 2011ರ ಜನಗಣತಿಯ ಪುಸ್ತಕವನ್ನು ತೆರೆಯಿರಿ. ಸಾಕ್ಷರತೆಯಲ್ಲಿ ದಕ್ಷಿಣ ಕನ್ನಡ ಶೇಕಡಾ 88.57, ಉಡುಪಿ 86.24, ನಾವಿದ್ದ ಅಂದಿನ ಬಳ್ಳಾರಿ ಜಿಲ್ಲೆ 67.43, ಯಾದಗಿರಿ 51.83. ಮಕ್ಕಳ ಪಟ್ಟಿಯ ತುದಿಬುಡಗಳು ತಾಯಿತಂದೆಯರ ಪಟ್ಟಿಯ ತುದಿಬುಡಗಳೇ ಆಗಿಬಿಟ್ಟಿರುವುದನ್ನು ಕಾಣುವಿರಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1834ರಲ್ಲಿ ಬಂದು ಶಾಲೆಗಳನ್ನೂ ಮುದ್ರಣಾಲಯವನ್ನೂ ತೆರೆದ ಮೇಲೆ ನಾಲ್ಕೈದು ತಲೆಮಾರುಗಳು ಓದಿವೆ. ಅಲ್ಲಿಯ ಮಗುವು ಮನೆಗೆ ಬಂದು ಪುಸ್ತಕ ಬಿಚ್ಚಿದರೆ ಅಜ್ಜಿಯೂ ಓದಿ ಹೇಳಬಲ್ಲಳು. ಹಡಗಲಿ ತಾಲೂಕಿನ ಎಷ್ಟೋ ಮನೆಗಳಲ್ಲಿ ಆ ಮಗುವೇ ಮೊದಲನೆಯ ಓದುಗ. ಶಾಲೆಯು ಏನು ಮಾಡಿತೆಂಬುದನ್ನು ಈ ಪಟ್ಟಿ ಹೇಳುವುದಿಲ್ಲ. ಮನೆಯಲ್ಲಿ ಏನಿತ್ತೆಂಬುದನ್ನು ಹೇಳುತ್ತದೆ. ಹತ್ತು ಹೆಜ್ಜೆ ಮುಂದೆ ನಿಂತವನನ್ನೂ ಹತ್ತು ಹೆಜ್ಜೆ ಹಿಂದೆ ನಿಂತವನನ್ನೂ ಒಟ್ಟಿಗೆ ಓಡಿಸಿ, ಗೆದ್ದವನ ಗುರುವಿಗೆ ಶಾಲು ಹೊದಿಸುವುದು ಯಾವ ನ್ಯಾಯ?

ಹೀಗೆ ಹೇಳಿದರೆ, ‘ಹಿಂದುಳಿದವರೆಂಬ ನೆವ ಇನ್ನೆಷ್ಟು ದಿನ?’ ಎಂದು ಕೇಳುವ ಮಹನೀಯರಿದ್ದಾರೆ. ಇದು ನೆವವಲ್ಲ, ಸರಕಾರದ್ದೇ ದಾಖಲೆ. ಡಾಕ್ಟರ್ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳನ್ನು ಪರೀಕ್ಷಿಸಿ 114ನ್ನು ಹಿಂದುಳಿದವೆಂದು ಎಣಿಸಿತು. ಅದರಲ್ಲಿ ಕೂಡ್ಲಿಗಿಯೂ ಹರಪನಹಳ್ಳಿಯೂ ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿ ನಿಂತವು; ಹಡಗಲಿಯೂ ಹಗರಿಬೊಮ್ಮನಹಳ್ಳಿಯೂ ಅದಕ್ಕೆ ಒಂದು ಮೆಟ್ಟಿಲು ಮೇಲೆ ನಿಂತವು. ಕೊಟ್ಟೂರು ಆಗ ಕೂಡ್ಲಿಗಿಯೊಳಗೇ ಇತ್ತು. ಸಂವಿಧಾನಕ್ಕೆ 371-ಜೆ ವಿಧಿಯನ್ನು ಸೇರಿಸಿ ವಿಶೇಷ ಸ್ಥಾನಮಾನ ಕೊಟ್ಟುದೂ ಇದೇ ಕಾರಣಕ್ಕೆ. ಹಣ ಕೊಡುವಾಗ ನಾವು ಬೇರೆಯವರು, ಫಲಿತಾಂಶ ಕೇಳುವಾಗ ಎಲ್ಲರೂ ಒಂದೇ!

ಹರಪನಹಳ್ಳಿಯ ವಿಷಯವಂತೂ ನಗು ತರಿಸುವಂಥದು. 1997ರವರೆಗೆ ಅದು ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, ಇಪ್ಪತ್ತು ವರುಷ ಕಳೆದು ಮರಳಿ ಬಳ್ಳಾರಿ, 2021ರಿಂದ ವಿಜಯನಗರ. ಅಲ್ಲಿಯ ಶಾಲೆಯ ಕಟ್ಟಡ ಒಂದು ಗೇಣೂ ಸರಿಯದೆ ಮೂರು ಜಿಲ್ಲೆಗಳ ಪಟ್ಟಿಗಳಲ್ಲಿ ಸುತ್ತಾಡಿ ಬಂದಿತು. ಜಿಲ್ಲೆಯ ಸರಾಸರಿಯು ಹಿಂದಿನದಕ್ಕಿಂತ ಏರಿತು ಅಥವಾ ಇಳಿಯಿತು ಎಂದು ಯಾರಾದರೂ ಘೋಷಿಸಿದರೆ, ಯಾವ ಜಿಲ್ಲೆಯ ಯಾವ ಗಡಿ ಎಂದು ಮೊದಲು ಕೇಳಬೇಕಾಗಿದೆ.

ಈ ಪ್ರಾಂತದ ಶಾಲೆಗಳನ್ನು ಎಣಿಸಿ ಹೋಲಿಸಿದುದು ಇದೇ ಮೊದಲಲ್ಲ. ಇನ್ನೂರು ವರುಷಗಳ ಹಿಂದೆ ಮದ್ರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರರಿಗೂ ದೇಶೀ ಶಾಲೆಗಳ ಲೆಕ್ಕ ಕಳಿಸಿರೆಂದು ಬರೆದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿಯು ಇಂದಿಗೂ ಓದತಕ್ಕದ್ದಾಗಿದೆ. ಅನಂತಪುರವೂ ಒಳಗೊಂಡಿದ್ದ ಆ ದೊಡ್ಡ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಸಂಸ್ಕೃತದವು 23, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. (ಬಳ್ಳಾರಿಯು ಕನ್ನಡದ್ದೋ ಅಲ್ಲವೋ ಎಂದು ಒಂದು ಕಾಲದಲ್ಲಿ ಎಷ್ಟು ಶಾಯಿ ಖರ್ಚಾಯಿತು! ಅನಂತಪುರವನ್ನು ಸೇರಿಸಿಕೊಂಡೂ ಕನ್ನಡ ಶಾಲೆಗಳೇ ಒಂಬತ್ತು ಹೆಚ್ಚಿದ್ದುದನ್ನು ಈ ಲೆಕ್ಕ ಹೇಳುತ್ತಿತ್ತು.) ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರ ಚಿಲ್ಲರೆ, ಅಂದರೆ 140 ಜನರಲ್ಲಿ ಒಬ್ಬನು ಶಾಲೆಯಲ್ಲಿದ್ದನು. ಇಡೀ ಪ್ರಾಂತದಲ್ಲಿ 12,498 ಶಾಲೆಗಳು, 67 ಜನರಲ್ಲಿ ಒಬ್ಬ ವಿದ್ಯಾರ್ಥಿ. ಬಳ್ಳಾರಿಯು ಪ್ರಾಂತದ ಸರಾಸರಿಯ ಅರ್ಧಕ್ಕೂ ಬರಲಿಲ್ಲ. ಆಗಲೂ ನಾವು ಪಟ್ಟಿಯ ಕೆಳಗೇ ಇದ್ದೆವು.

ಆದರೆ ಪರಕೀಯರ ಆ ಕಲೆಕ್ಟರನು ಏನು ಬರೆದನೆಂಬುದನ್ನು ನೋಡಿರಿ. ಮಾಸ್ತರರು ಸೋಮಾರಿಗಳೆಂದು ಬರೆಯಲಿಲ್ಲ. ಪದ್ಯಗಳ ಅರ್ಥ ತಿಳಿಯದೆ ಉರುಹೊಡೆಸುವ ಪದ್ಧತಿಯನ್ನು ಟೀಕಿಸಿದನು, ನಿಜ. ಅದರೊಡನೆ, ನಾಡು ಬಡವಾಗುತ್ತಿರುವುದೇ ವಿದ್ಯೆ ಕುಗ್ಗಲು ಕಾರಣ, ವಿಲಾಯತಿಯ ಬಟ್ಟೆ ಬಂದು ಇಲ್ಲಿಯ ನೇಕಾರರ ಕಸುಬು ಕೆಟ್ಟಿತು, ಕೂಲಿಗೆ ಕೈ ಬೇಕಾದ ಕೂಡಲೆ ತಾಯಿತಂದೆಯರು ಎಳೆಯ ಮಕ್ಕಳನ್ನು ಶಾಲೆಯಿಂದ ಬಿಡಿಸುವರು ಎಂದು ತನ್ನ ಕಂಪನಿ ಸರಕಾರದ ಮುಖಕ್ಕೇ ಹಿಡಿದನು. ಮನ್ರೋ 1826ರ ತನ್ನ ಟಿಪ್ಪಣಿಯಲ್ಲಿ ಇನ್ನೂ ಒಂದು ಮಾತು ಸೇರಿಸಿದನು: ಉಪಾಧ್ಯಾಯನಿಗೆ ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ಹುಟ್ಟುವುದಿಲ್ಲ, ಅಷ್ಟಕ್ಕೆ ತಕ್ಕ ಯೋಗ್ಯತೆಯವರು ಆ ಕಸುಬಿಗೆ ಬರುವುದಿಲ್ಲ. ಆದುದರಿಂದ ಜಿಲ್ಲೆಯ ಶಾಲೆಯ ಉಪಾಧ್ಯಾಯನಿಗೆ ಹದಿನೈದು ರೂಪಾಯಿ, ತಹಶೀಲಿನ ಶಾಲೆಯವನಿಗೆ ಒಂಬತ್ತು ರೂಪಾಯಿ ಕೊಡಬೇಕೆಂದು ಸೂಚಿಸಿದನು. ಅವನು ಮರುವರುಷ ಸತ್ತನು. ಯೋಜನೆಯು ಹತ್ತು ವರುಷ ಕುಂಟಿ ನಿಂತುಹೋಯಿತು. ಅವರು ನಮ್ಮನ್ನು ಆಳಿದವರು, ಅವರನ್ನು ಹೊಗಳುವ ಕೆಲಸ ಈ ಪತ್ರಿಕೆಯದಲ್ಲ. ಆದರೂ ಸಂಖ್ಯೆ ಕಡಿಮೆ ಬಂದಾಗ ಕಾರಣವನ್ನು ಹುಡುಕಬೇಕೆಂಬ ಸಾಮಾನ್ಯ ವಿವೇಕವು ಆ ಕಾಗದಗಳಲ್ಲಿದೆ. ಇಂದಿನ ನಮ್ಮದೇ ಅಧಿಕಾರಿಗಳು ಸಂಖ್ಯೆ ಕಡಿಮೆ ಬಂದಾಗ ಹುಡುಕುವುದು ನೋಟೀಸಿನ ನಮೂನೆಯನ್ನು.

ಮನ್ರೋವಿನ ಆರೇಳು ರೂಪಾಯಿಯ ಮಾಸ್ತರನು ಇಂದು ಅತಿಥಿ ಶಿಕ್ಷಕನೆಂಬ ಹೆಸರಿನಿಂದ ನಮ್ಮ ಹಳ್ಳಿಗಳಲ್ಲಿ ಓಡಾಡುತ್ತಿರುವನು. ಪದವಿ, ಬಿ.ಎಡ್. ಎರಡೂ ಇದ್ದು ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನ ಗೌರವಧನ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಅತಿಥಿಯನ್ನು ಹೀಗೆ ಉಪಚರಿಸುವ ಮನೆ ಇನ್ನೆಲ್ಲಿಯೂ ಇರಲಾರದು. ಶಾಲೆಗಳು ಜೂನಿನಲ್ಲಿ ತೆರೆಯುವುವು. ಅತಿಥಿಗಳ ನೇಮಕಾತಿಯ ಆದೇಶವು ಕಚೇರಿಯಿಂದ ಕಚೇರಿಗೆ ಇಳಿದು ಬರುವಷ್ಟರಲ್ಲಿ ಮೊದಲ ಪಾಠಗಳ ಕಾಲ ಹೋಗಿರುವುದು. ಗಣಿತಕ್ಕೋ ಇಂಗ್ಲಿಷಿಗೋ ಕಾಯಂ ಮಾಸ್ತರನಿಲ್ಲದ ಪ್ರೌಢಶಾಲೆಯಲ್ಲಿ ಆ ವಿಷಯದಲ್ಲಿಯೇ ಮಕ್ಕಳು ನಪಾಸಾಗುವರು. ಒಂದು ವಿಷಯದಲ್ಲಿ ನಪಾಸಾದವನು ಪಟ್ಟಿಯಲ್ಲಿ ಪೂರಾ ನಪಾಸೇ; ಉಳಿದ ಐದು ವಿಷಯಗಳನ್ನು ಕಲಿಸಿದವರ ಶ್ರಮವೂ ಅವನೊಡನೆ ಸೊನ್ನೆಯಾಗುವುದು.

ನೇಮಕಾತಿಯ ಇನ್ನೊಂದು ಕಥೆಯನ್ನು ಕೇಳಿರಿ. 2022ರಲ್ಲಿ ಸರಕಾರವು ಆರರಿಂದ ಎಂಟನೆಯ ತರಗತಿಗಳಿಗಾಗಿ 15,000 ಪದವೀಧರ ಶಿಕ್ಷಕರನ್ನು ಕರೆಯಿತು. ಅದರಲ್ಲಿ 5,000 ಸ್ಥಾನ ಕಲ್ಯಾಣ ಕರ್ನಾಟಕಕ್ಕೆ. ವಿವಾಹಿತ ಸ್ತ್ರೀಯರು ತಂದೆಯ ಆದಾಯದ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ಪ್ರಶ್ನೆ ಹುಟ್ಟಿ ವಿಷಯ ಹೈಕೋರ್ಟಿಗೇರಿತು. ನಮ್ಮ ವೃತ್ತಿಬಾಂಧವರಿಗೆ ಕೆಲಸ ಸಿಕ್ಕಿತು. 2023ರ ಕಡೆಯವರೆಗೆ ಮಕ್ಕಳಿಗೆ ಮಾಸ್ತರರು ಸಿಕ್ಕಲಿಲ್ಲ. ಅರ್ಹರು ಸಾಲದೆ ಸ್ಥಾನಗಳೆಲ್ಲವೂ ತುಂಬಲೂ ಇಲ್ಲ. ಸುತ್ತೋಲೆಯಲ್ಲಿ ಒಂದು ಸಾಲನ್ನು ಸ್ಪಷ್ಟವಾಗಿ ಬರೆಯದೆ ಹೋದ ತಪ್ಪಿಗೆ ಯಾವ ಕಾರ್ಯದರ್ಶಿಗೆ ನೋಟೀಸು ಮುಟ್ಟಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಮ್ಮ ಹಿರಿಯರು ಶಿಕ್ಷಣ ಇಲಾಖೆಯನ್ನು ಕಾಣದೆಯೇ ಮಾಡಿದರೆಂಬುದು ಆಶ್ಚರ್ಯ.

2025ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತ ಹುಡುಗರನ್ನು ನೆನೆಯಿರಿ. ಅವರು ಆರನೆಯ ತರಗತಿಯಲ್ಲಿದ್ದುದು 2020-21ರಲ್ಲಿ. ಆ ತರಗತಿಯ ಹೆಚ್ಚಿನ ಭಾಗವೂ ಏಳನೆಯದರ ಮೊದಲ ತಿಂಗಳುಗಳೂ ಶಾಲೆಯ ಬಾಗಿಲು ಮುಚ್ಚಿದ್ದಾಗ ಕಳೆದುವು. ಪಟ್ಟಣದ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು. ಮನೆಗೆ ಒಂದೇ ಮೊಬೈಲು, ಅದೂ ಹೊಲಕ್ಕೆ ಹೋದ ತಂದೆಯ ಜೇಬಿನಲ್ಲಿ ಇದ್ದ ಕಡೆ ಏನು ಕೇಳುವುದು? ಕೂಡ್ಲಿಗಿ, ಹರಪನಹಳ್ಳಿಗಳ ತಾಂಡಾಗಳಿಂದ ಕುಟುಂಬಗಳು ಸುಗ್ಗಿ ಮುಗಿದೊಡನೆ ಕಬ್ಬು ಕಡಿಯಲೆಂದೂ ಕಾಫಿಯ ತೋಟಗಳಿಗೆಂದೂ ಬೆಂಗಳೂರಿನ ಕಟ್ಟಡಗಳಿಗೆಂದೂ ಗುಳೆ ಹೋಗುವುದು ಹೊಸ ಸಂಗತಿಯಲ್ಲ. ಹೋದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುವುದು. ಮಗು ಮಾತ್ರ ಮಾರ್ಚಿಗೆ ಹಿಂತಿರುಗಿ, ಮೂರು ತಿಂಗಳ ಪಾಠ ಬಿಟ್ಟುಕೊಂಡು, ಪರೀಕ್ಷೆಗೆ ಕೂಡುವುದು.

ಮಾಸ್ತರರನ್ನಾದರೂ ಶಾಲೆಯಲ್ಲಿ ಇರಗೊಡುವರೇ? ಶಿಕ್ಷಣದ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 27ನೆಯ ಕಲಮಿನ ಪ್ರಕಾರ ದಶವಾರ್ಷಿಕ ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಈ ಮೂರರ ಹೊರತು ಉಪಾಧ್ಯಾಯರನ್ನು ಬೇರೆ ಕೆಲಸಕ್ಕೆ ಹಚ್ಚಕೂಡದು. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಮೊದಲಾಯಿತು. ಮನೆಮನೆಗೆ ಹೋದವರು ಯಾರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಕೆಲಸ ಮುಗಿಯಲಿಲ್ಲವೆಂದು ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು, ಅದೂ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಸಮೀಕ್ಷೆಯ ಉದ್ದೇಶವನ್ನು ನಾವು ಹಳಿಯುವವರಲ್ಲ. ಬಡವರ ಲೆಕ್ಕ ಬೇಕು. ಆದರೆ ಆ ದಿನಗಳಲ್ಲಿ ಪಕ್ಕದ ಖಾಸಗಿ ಶಾಲೆಯ ಗಂಟೆ ಬಾರಿಸುತ್ತಲೇ ಇತ್ತು. ಯಾವ ಬಡ ಮಕ್ಕಳ ಹಿತಕ್ಕಾಗಿ ಎಣಿಕೆ ನಡೆಯಿತೋ ಅದೇ ಮಕ್ಕಳ ಪಾಠ ನಿಂತಿತು. ಮಾರ್ಚಿನಲ್ಲಿ ಎರಡೂ ಶಾಲೆಗಳಿಗೆ ಒಂದೇ ಪ್ರಶ್ನಪತ್ರಿಕೆ.

ಸರಕಾರಿ ಶಾಲೆಗಳೆಲ್ಲವೂ ಒಂದೇ ಜಾತಿಯವಲ್ಲವೆಂಬುದನ್ನೂ ಪಟ್ಟಿಗಳು ಮರೆಯುತ್ತವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳುಂಟು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳುಂಟು, ಹಿಂದುಳಿದ ತಾಲೂಕುಗಳಲ್ಲಿ ಆದರ್ಶ ವಿದ್ಯಾಲಯಗಳುಂಟು. ಇವೆಲ್ಲ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯಿಟ್ಟು ಮಕ್ಕಳನ್ನು ಆಯ್ದುಕೊಳ್ಳುವವು. ಬಡವರ ಮನೆಯ ಜಾಣ ಹುಡುಗಿಗೆ ಊಟವಸತಿಯೊಡನೆ ವಿದ್ಯೆ ಸಿಕ್ಕುವುದು ಒಳ್ಳೆಯದೇ. ಆ ಶಾಲೆಗಳು ಬೇಡವೆನ್ನುವವನು ಹಳ್ಳಿಯನ್ನು ಕಂಡವನಲ್ಲ. ಆದರೆ ಇಟ್ಟಿಗಿಯಂಥ ಊರಿನಿಂದ ಕೆನೆಯನ್ನು ಕಡೆದು ಒಯ್ದ ಮೇಲೆ, ಉಳಿದ ಹಾಲಿನ ಶಾಲೆಯನ್ನೂ ಕೆನೆಯ ಶಾಲೆಯನ್ನೂ ಅಕ್ಕಪಕ್ಕದಲ್ಲಿಟ್ಟು, ‘ಅಲ್ಲಿ ನೂರಕ್ಕೆ ನೂರು, ಇಲ್ಲಿ ಏಕೆ ಅರುವತ್ತು?’ ಎಂದು ಕೇಳುವವರ ನಾಚಿಕೆಯ ಮಟ್ಟವೇನು? ಬಾಗಿಲಿಗೆ ಬಂದ ಯಾವ ಮಗುವನ್ನೂ ಹಿಂದಕ್ಕೆ ಕಳಿಸಲಾರದ ಶಾಲೆ ಊರಿನ ಸಾಮಾನ್ಯ ಸರಕಾರಿ ಶಾಲೆಯೊಂದೇ. ಅದರ ಕೀರ್ತಿಯೂ ಅದೇ, ಅಪಕೀರ್ತಿಗೆ ಕಾರಣವೂ ಅದೇ.

ಖಾಸಗಿಯವರ ನೂರಕ್ಕೆ ನೂರರ ಫಲಕಗಳನ್ನು ಓದುವಾಗ ವಾಚಕರು ಒಂದು ಚಿಕ್ಕ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರೆನ್ನೋಣ. ಒಂಬತ್ತರಲ್ಲಿ ಹಿಂದುಳಿದವರ ಕೈಗೆ ವರ್ಗಾವಣೆ ಪತ್ರ ಕೊಟ್ಟು 40 ಮಂದಿಯನ್ನು ಪರೀಕ್ಷೆಗೆ ಕೂಡಿಸಿದರು, 36 ಮಂದಿ ಪಾಸಾದರು, ಶೇಕಡಾ 90. ಇನ್ನೊಂದು ಶಾಲೆಗೂ 60 ಮಕ್ಕಳೇ ಸೇರಿದರು, ಅವರಲ್ಲಿ 58 ಮಂದಿಯನ್ನು ಹತ್ತನೆಯ ತರಗತಿಯವರೆಗೆ ಕೈಹಿಡಿದು ತಂದರು, 46 ಮಂದಿ ಪಾಸಾದರು, ಶೇಕಡಾ 79. ಪಟ್ಟಿಯಲ್ಲಿ ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಆದರೆ ಅರುವತ್ತು ಮನೆಗಳ ಲೆಕ್ಕದಲ್ಲಿ ಎರಡನೆಯ ಶಾಲೆಯು ಹತ್ತು ಮನೆಗಳಿಗೆ ಹೆಚ್ಚು ಬೆಳಕು ಕೊಟ್ಟಿತು. ಚಿಕ್ಕ ಶಾಲೆಗಳ ಪಾಡು ಬೇರೆ: ಇಪ್ಪತ್ತು ಮಕ್ಕಳಿರುವ ಕಡೆ ಒಬ್ಬನಿಗೆ ಜ್ವರ ಬಂದು ಪರೀಕ್ಷೆ ಕೆಟ್ಟರೆ ಐದು ಶೇಕಡಾ ಮಾಯ. ಅಂಥ ಶಾಲೆಯು ಒಂದು ವರುಷ ತಾಲೂಕಿಗೆ ಮೊದಲು, ಮರುವರುಷ ಕಡೆ. ಮಾಸ್ತರರು ಮಾತ್ರ ಅವರೇ.

ಮೈಲಾರದ ಜಾತ್ರೆಯು ನಮ್ಮ ತಾಲೂಕಿನದೇ. ಭಾರತ ಹುಣ್ಣಿಮೆಯ ಹೊತ್ತಿಗೆ ಗೊರವಯ್ಯನು ಬಿಲ್ಲನ್ನೇರಿ, ಲಕ್ಷ ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ಮಾತು ನುಡಿದು ಕೆಳಗೆ ಧುಮುಕುವನು. ಆ ಒಂದು ಮಾತಿನಿಂದ ಒಕ್ಕಲಿಗನು ಮಳೆಯನ್ನು ತೆಗೆಯುವನು, ವ್ಯಾಪಾರಿಯು ಧಾರಣೆಯನ್ನು ತೆಗೆಯುವನು, ರಾಜಕಾರಣಿಯು ತನ್ನ ಕುರ್ಚಿಯನ್ನು ತೆಗೆಯುವನು. ಅದು ದೈವದ ನುಡಿ, ನಂಬುವವರು ನಂಬಲಿ. ಶೇಕಡಾವಾರು ಫಲಿತಾಂಶವನ್ನೂ ನಾವು ಕಾರಣಿಕದಂತೆಯೇ ಕೇಳತೊಡಗಿದ್ದೇವೆ. ಶಾಲೆಗಳನ್ನು ಒಂದುಗೂಡಿಸಬೇಕೆನ್ನುವವರಿಗೆ ಅದರಲ್ಲಿ ಮುಚ್ಚುವ ಅಪ್ಪಣೆ ಕೇಳಿಸುವುದು. ಖಾಸಗಿಯವರಿಗೆ ತಮ್ಮ ಶುಲ್ಕದ ಸಮರ್ಥನೆ ಕೇಳಿಸುವುದು.

ಈ ಮಾತುಗಳನ್ನು ಓದಿ ನಮ್ಮ ಶಿಕ್ಷಕ ವಾಚಕರು ತೀರ ನಿಶ್ಚಿಂತರಾಗುವುದೂ ಬೇಡ. ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಮನೆಮಾಡಿ, ಬಸ್ಸು ಬಂದಾಗ ಶಾಲೆಗೆ ಬಂದು ಬಸ್ಸು ಹೊರಡುವಾಗ ಹೊರಡುವವರು ನಮ್ಮಲ್ಲಿಲ್ಲವೇ? ಹಳ್ಳಿಗೆ ನೇಮಕವಾದ ದಿನದಿಂದಲೇ ವರ್ಗಾವಣೆಯ ಅರ್ಜಿ ಬರೆಯುವವರಿಲ್ಲವೇ? ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಕನ್ನಡ ಪಾಠವನ್ನು ತಡವರಿಸದೆ ಓದಲಾರದಿದ್ದರೆ ಅದಕ್ಕೆ ಕಾರ್ಯದರ್ಶಿಯೊಬ್ಬನೇ ಹೊಣೆಯಲ್ಲ. ಸರಿಯಾದ ತಕ್ಕಡಿ ಬಂದ ದಿನ ಇಂಥವರು ಬಯಲಿಗೆ ಬೀಳುವರು. ಸುಳ್ಳು ತಕ್ಕಡಿಯಲ್ಲಿ ಇವರೂ, ಹಗಲಿರುಳು ದುಡಿಯುವ ಮಾಸ್ತರನೂ, ಒಂದೇ ತೂಕ. ಇನ್ನು ಪಟ್ಟಣದ ನಾವು! ಕನ್ನಡ ಶಾಲೆ ಉಳಿಯಬೇಕೆಂದು ನವೆಂಬರ್ ಒಂದರಂದು ಭಾಷಣ ಮಾಡಿ, ಎರಡನೆಯ ತಾರೀಖು ಮಗನನ್ನು ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುವವರು ನಾವೇ. ವಕೀಲ, ವೈದ್ಯ, ವರ್ತಕ, ಸ್ವತಃ ಮಾಸ್ತರ, ಇವರ ಮಕ್ಕಳು ಬಿಟ್ಟುಹೋದ ಶಾಲೆಯಲ್ಲಿ ಅಧಿಕಾರಿಯನ್ನು ಎದುರಿಸಿ ಕೇಳಬಲ್ಲ ಪಾಲಕನು ಉಳಿಯಲಿಲ್ಲ.

ಮದ್ರಾಸಿನ ಆಡಳಿತದಲ್ಲಿದ್ದಾಗ ಹೊಳೆಯಾಚೆಯ ಮುಂಡರಗಿಯು ಮುಂಬಯಿ ಪ್ರಾಂತ, ಕೊಪ್ಪಳದ ಕಡೆಯು ನಿಜಾಮನದು, ದಕ್ಷಿಣದ ದಾವಣಗೆರೆಯು ಮೈಸೂರು. ಒಂದೇ ಮಾತಾಡುವ ಮಕ್ಕಳಿಗೆ ನಾಲ್ಕು ಇಲಾಖೆಗಳು, ನಾಲ್ಕು ಪಠ್ಯಗಳು. ಆಗ ಹೋಲಿಸುವುದೇ ಅಸಾಧ್ಯವಾಗಿತ್ತು. 1953ರ ಅಕ್ಟೋಬರ್ 1ರಂದು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಮೈಸೂರನ್ನು ಸೇರಿದವು. 1956ರ ನವೆಂಬರ್ 1ರಂದು ನಾಲ್ಕೂ ಕಡೆಯವರು ಒಂದಾದರು. ಒಂದೇ ಇಲಾಖೆ, ಒಂದೇ ಪರೀಕ್ಷೆ ಬಂದಿತು. ಒಂದೇ ನ್ಯಾಯ ಬರುವುದು ಮಾತ್ರ ಬಾಕಿಯಿದೆ.

ಬೇಕಾದ ನ್ಯಾಯವೇನೂ ದುಬಾರಿಯದಲ್ಲ. ಪ್ರತಿ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಮಾಸ್ತರರು ಎಂಬುದು ಕೇಂದ್ರ ಸರಕಾರದ ಯುಡೈಸ್ ಲೆಕ್ಕದಲ್ಲಿ ಶಾಲೆಗೊಂದು ಹನ್ನೊಂದಂಕಿಯ ಸಂಕೇತದೊಡನೆ ಈಗಲೇ ಇದೆ. ಯಾವ ಮಗು ಯಾವ ತರಗತಿಯಿಂದ ಎಲ್ಲಿಗೆ ಹೋಯಿತೆಂಬುದು ರಾಜ್ಯದ ಸ್ಯಾಟ್ಸ್ ದಾಖಲೆಯಲ್ಲಿದೆ. ಇವನ್ನು ಫಲಿತಾಂಶದ ಪಕ್ಕದ ಅಂಕಣಗಳಲ್ಲಿ ಇಳಿಸಿ ಮುದ್ರಿಸುವುದಕ್ಕೆ ಒಂದು ದಿನದ ಕೆಲಸ ಸಾಕು. ಮೂರು ವರುಷದ ಹಿಂದೆ ಎಂಟನೆಯ ತರಗತಿಗೆ ಸೇರಿದವರೆಷ್ಟು, ಅವರಲ್ಲಿ ಪರೀಕ್ಷೆಗೆ ಕುಳಿತವರೆಷ್ಟು. ಮಂಜೂರಾದ ಹುದ್ದೆಗಳಲ್ಲಿ ಕಾಯಂ ಮಾಸ್ತರರಿಂದ ತುಂಬಿದವೆಷ್ಟು, ಯಾವ ವಿಷಯ ಎಷ್ಟು ತಿಂಗಳು ಬರಿದಿತ್ತು. ಮಾಸ್ತರರು ಅನ್ಯ ಕರ್ತವ್ಯದಲ್ಲಿ ಕಳೆದ ದಿನಗಳೆಷ್ಟು. ಮಕ್ಕಳನ್ನು ಆಯ್ದು ಸೇರಿಸಿಕೊಂಡರೋ ಬಂದವರನ್ನೆಲ್ಲ ಸೇರಿಸಿಕೊಂಡರೋ. ಇಷ್ಟನ್ನು ಬರೆದು, ಇಟ್ಟಿಗಿಯ ಶಾಲೆಯನ್ನು ಉಡುಪಿಯೊಡನೆ ಅಲ್ಲ, ಅದರಂತೆಯೇ ಮಳೆಯನ್ನು ನಂಬಿದ, ಅದರಂತೆಯೇ ಗುಳೆ ಕಂಡ ಸೋಗಿ, ಹೊಳಲು, ಹಿರೇಹಡಗಲಿಗಳ ಶಾಲೆಗಳೊಡನೆ ಪಕ್ಕಪಕ್ಕಕ್ಕಿಡಲಿ. ಅಲ್ಲಿ ಒಂದು ಮೇಲೆ ಬಂದು ಇನ್ನೊಂದು ಕೆಳಗುಳಿದರೆ, ಆಗ ಕೇಳುವ ಪ್ರಶ್ನೆಗೆ ಮಾಸ್ತರರು ತಲೆತಗ್ಗಿಸಿ ಉತ್ತರ ಕೊಡತಕ್ಕದ್ದು. ಮೇಲೆ ಬಂದ ಶಾಲೆಯಲ್ಲಿ ಏನು ಮಾಡಿದರೆಂಬುದನ್ನು ಕೆಳಗಿನವರು ಸೈಕಲ್ಲಿನ ಮೇಲೆ ಹೋಗಿಯೂ ನೋಡಿ ಬರಬಹುದು.

ಇಲಾಖೆಯು ಇದನ್ನು ತಾನಾಗಿ ಮಾಡುವವರೆಗೆ ಕಾಯಬೇಕಾದುದಿಲ್ಲ. ಪ್ರತಿ ಶಾಲೆಗೂ ಪಾಲಕರೇ ಸದಸ್ಯರಾಗಿರುವ ಎಸ್.ಡಿ.ಎಂ.ಸಿ. 2001ರ ಆದೇಶದಿಂದ ಏರ್ಪಟ್ಟಿದೆ. ಅದರ ಅಧ್ಯಕ್ಷರು ಸಹಿ ಹಾಕುವುದಕ್ಕೆ ಮಾತ್ರ ಇರುವವರಲ್ಲ. ಮೇಲೆ ಹೇಳಿದ ಅಂಕಣಗಳನ್ನೇ ಪ್ರಶ್ನೆಗಳಾಗಿ ಬರೆದು, 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟರೆ ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಬಡತನದ ರೇಖೆಯ ಕೆಳಗಿನ ಪಾಲಕನಿಗೆ ಅದೂ ಇಲ್ಲ. ಅರ್ಜಿಯನ್ನು ಕನ್ನಡದಲ್ಲಿ ಬರೆದರೆ ಸಾಕು. ಬರೆದುಕೊಡಲು ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ವಕೀಲರು ಶುಲ್ಕ ಕೇಳಬಾರದು.